ವಾಸಿತಿಯ ಹಡಗನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಹಿಂದೂ ಮಹಾಸಾಗರದ ಹಳೆಯ ಹಡಗುಗಳ ಕುರಿತ ಪುಸ್ತಕಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಎರಡೂ ತುದಿ ಮೇಲಕ್ಕೆ ಬಾಗಿದ ಒಡಲು. ಅದರ ಹಲಗೆಗಳನ್ನು ಹುರಿಯಿಂದ ಹೊಲಿದ ಗುರುತು. ಒಡಲಿನ ಉದ್ದಕ್ಕೂ ಸಾಲುಗಟ್ಟಿದ ಕಿಂಡಿಗಳು, ಪ್ರತಿಯೊಂದರಲ್ಲೂ ಹೊರಗೆ ಇಣುಕುವ ಒಂದು ಮುಖ. ಮೇಲೆ ಕಪ್ಪು ಮೈಬಣ್ಣದ ನಾವಿಕರು, ಹಾಯಿಕಂಬದ ತುದಿಗೆ ಏರಿದ ಒಬ್ಬ, ಹಲವು ಕೊಕ್ಕೆಗಳ ಲಂಗರು, ಹಿಂಬದಿಯ ನಟ್ಟನಡುವೆ ಚುಕ್ಕಾಣಿ. ಇದನ್ನು ಬರೆದವನು ಇರಾಕಿನ ವಾಸಿತ್ ಪಟ್ಟಣದ ಯಹ್ಯಾ ಇಬ್ನ್ ಮಹಮೂದ್ ಅಲ್-ವಾಸಿತಿ, ಕಾಲ 1237. ಅಲ್-ಹರೀರಿಯ ‘ಮಕಾಮಾತ್’ ಎಂಬ ಅರಬ್ಬೀ ಕಥಾಗುಚ್ಛವನ್ನು ಆತ ತಾನೇ ಪ್ರತಿಮಾಡಿ, ತಾನೇ 99 ಚಿತ್ರಗಳಿಂದ ತುಂಬಿದ. ಹಸ್ತಪ್ರತಿ ಈಗ ಪ್ಯಾರಿಸ್ಸಿನಲ್ಲಿ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಜಾರ್ಜ್ ಹೌರಾನಿ 1951ರಲ್ಲಿ ಅರಬರ ಸಮುದ್ರಯಾನದ ಮೇಲೆ ಪ್ರಕಟಿಸಿದ ಪುಸ್ತಕದಲ್ಲಿ ಈ ಚಿತ್ರವನ್ನು ಸಾಕ್ಷ್ಯವಾಗಿ ಬಳಸಿಕೊಂಡ. ಅಂದಿನಿಂದ ಇದಕ್ಕೆ ಎರಡು ಬಗೆಯ ಓದುಗರಿದ್ದಾರೆ. ನೌಕಾ ಇತಿಹಾಸಕಾರರಲ್ಲಿ ಹಲವರಿಗೆ ಇದು 13ನೆಯ ಶತಮಾನದ ಹಡಗಿನ ಬಗ್ಗೆ ಕಣ್ಣಾರೆ ಕಂಡವನ ಹೇಳಿಕೆ. ಕಲಾ ಇತಿಹಾಸಕಾರರಲ್ಲಿ ಹಲವರಿಗೆ ಇದು ಮೊದಲಿಗೂ ಕೊನೆಗೂ ಒಂದು ಚಿತ್ರ. ತನ್ನದೇ ರೂಢಿಗಳಿಗೆ, ತಾನು ಹೇಳಬೇಕಾದ ಕಥೆಗೆ ಬದ್ಧವಾದದ್ದು. ಎರಡೂ ಕಡೆ ಇರುವವರು ಪ್ರಾಮಾಣಿಕರು, ವಿಷಯ ಬಲ್ಲವರು. ಅವರ ಭಿನ್ನಾಭಿಪ್ರಾಯ ಪಾಂಡಿತ್ಯದ ಹಟವಷ್ಟೇ ಎಂದು ನನಗೆ ಅನ್ನಿಸುವುದಿಲ್ಲ. ಸಮುದ್ರದ ತಳದಲ್ಲಿ ಹೂಳಿನಡಿ ಉಳಿಯುವುದು ಸಾಮಾನ್ಯವಾಗಿ ಹಡಗಿನ ಕೆಳಭಾಗ. ಅಟ್ಟ, ಹಾಯಿ, ಚುಕ್ಕಾಣಿಗಳು ಕೊಳೆತು ಚದುರಿಹೋಗುತ್ತವೆ. ಹಡಗು ಕಟ್ಟುವವರ ವಿದ್ಯೆ ಕೈಯಿಂದ ಕೈಗೆ ಸಾಗಿತೇ ವಿನಾ ಗ್ರಂಥಕ್ಕೆ ಏರಿದ್ದು ಅಪರೂಪ. ಹಾಗಾಗಿ ಈ ಚಿತ್ರವನ್ನು ಕೈಬಿಟ್ಟರೆ ನಷ್ಟ ದೊಡ್ಡದು. ಅತಿಯಾಗಿ ನಂಬಿದರೂ ಅಷ್ಟೇ ದೊಡ್ಡ ನಷ್ಟ.

ನಂಬುವವರ ಅತ್ಯಂತ ಗಟ್ಟಿ ವಾದ ಕಥೆಯಿಂದಲೇ ಹುಟ್ಟುತ್ತದೆ. ಹಡಗು ಬರುವುದು 39ನೆಯ ಮಕಾಮಾದಲ್ಲಿ. ನಿರೂಪಕ ಅಲ್-ಹಾರಿಸ್ ಒಮಾನಿಗೆ ಹೊರಟಿದ್ದಾನೆ. ಮಾತಿನ ಮೋಡಿಗಾರ ಅಬೂ ಜೈದ್, ಕಡಲಿನ ಆಪತ್ತುಗಳಿಂದ ಕಾಯುವ ಮಂತ್ರ ತನ್ನಲ್ಲಿದೆ ಎಂದು ಹೇಳಿ ಅದೇ ಹಡಗು ಏರುತ್ತಾನೆ. ಬಿರುಗಾಳಿ ಎದ್ದು ಎಲ್ಲರೂ ಒಂದು ದ್ವೀಪದ ಆಸರೆ ಪಡೆಯುತ್ತಾರೆ. ಬಸ್ರಾದ ಹರೀರಿಗೆ (1054–1122) ಬೇಕಾಗಿದ್ದದ್ದು ಪ್ರಾಸ, ಶ್ಲೇಷೆ, ಮಾತಿನ ಕಸರತ್ತು. ಹಲಗೆಗೆ ಹಲಗೆ ಹೇಗೆ ಕೂಡಿತು, ಲಂಗರಿಗೆ ಎಷ್ಟು ಕೊಕ್ಕೆ ಎಂಬುದು ಅವನ ಕಾಳಜಿಯಲ್ಲ. ಹಾಗಿದ್ದರೆ ವಾಸಿತಿಗೆ ಆ ವಿವರಗಳು ಸಿಕ್ಕಿದ್ದೆಲ್ಲಿಂದ? ಕಥೆ ಕೊಡದೆ ಇದ್ದದ್ದನ್ನು ಕಣ್ಣು ಕೊಟ್ಟಿರಬೇಕು ಎಂಬುದು ಇವರ ತರ್ಕ. ವಾಸಿತ್ ಇದ್ದದ್ದು ಟೈಗ್ರಿಸ್ ನದಿಯ ಮೇಲೆ, ಬಸ್ರಾದ ಬಂದರಿಗೆ ಹೋಗುವ ಜಲಮಾರ್ಗದಲ್ಲಿ. ದೂರದ ಕಡಲಿನಿಂದ ಬಂದ ಹಡಗುಗಳು ಆ ಊರಿನವರಿಗೆ ಬರೀ ಕೇಳಿದ ಸುದ್ದಿಯಾಗಿರಲಿಲ್ಲ.

ಹೊಲಿಗೆಯ ವಿಷಯಕ್ಕೆ ಬಂದರೆ ಬೇರೆ ಸಾಕ್ಷಿಗಳೂ ಒಂದಕ್ಕೊಂದು ಹೊಂದುತ್ತವೆ. ಆಂದಲೂಸಿಯಾದ ಯಾತ್ರಿಕ ಇಬ್ನ್ ಜುಬೈರ್ 1183ರಲ್ಲಿ ಕೆಂಪು ಸಮುದ್ರದ ಐಧಾಬ್ ಬಂದರಿನಲ್ಲಿ ಕಂಡ ದೋಣಿಗಳಲ್ಲಿ ಕಬ್ಬಿಣದ ಮೊಳೆಯೇ ಇರಲಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದವು ಅವು. ಮುಂದಿನ ಶತಮಾನದ ಕೊನೆಯ ಹೊತ್ತಿಗೆ ಮಾರ್ಕೊ ಪೋಲೊ ಹೊರ್ಮುಜಿನ ಹಡಗುಗಳ ಬಗ್ಗೆ ಇದನ್ನೇ ಹೇಳುತ್ತಾನೆ, ಆದರೆ ಮೆಚ್ಚಿ ಅಲ್ಲ. ಇನ್ನು 1998ರಲ್ಲಿ ಇಂಡೋನೇಷ್ಯದ ಬೆಲಿಟುಂಗ್ ದ್ವೀಪದ ಬಳಿ ಸಿಕ್ಕ ಹಡಗಿನ ಅವಶೇಷ. ಸುಮಾರು 60,000 ಚೀನೀ ಪಿಂಗಾಣಿ ಪಾತ್ರೆಗಳನ್ನು ಹೊತ್ತು ಮುಳುಗಿದ್ದ ಅದರಲ್ಲಿ ಒಂದು ಬಟ್ಟಲಿನ ಮೇಲಿನ ಬರಹ 826ರ ಕಾಲವನ್ನು ಸೂಚಿಸುತ್ತದೆ. ಆ ಒಡಲೂ ಮೊಳೆಯಿಲ್ಲದೆ ಹೊಲಿದದ್ದೇ. ಪ್ರವಾಸಿಯ ಬರಹ, ಮುಳುಗಿದ ಮರ, ಕಾಗದದ ಮೇಲಿನ ಬಣ್ಣ ಮೂರೂ ಒಂದೇ ಮಾತು ಹೇಳುವಾಗ ಚಿತ್ರಕಾರನನ್ನು ಸುಮ್ಮನೆ ಶಂಕಿಸುವುದು ನ್ಯಾಯವಲ್ಲ.

ಶಂಕಿಸುವವರು ಈ ಹೊಂದಿಕೆಯನ್ನು ಅಲ್ಲಗಳೆಯುವುದಿಲ್ಲ. ಒಂದು ವಿವರ ನಿಜವೆಂದ ಮಾತ್ರಕ್ಕೆ ಮಗ್ಗುಲಿನ ವಿವರವೂ ನಿಜವಾಗಬೇಕಿಲ್ಲ ಎಂಬುದು ಅವರ ಆಕ್ಷೇಪ. ಅವರ ಬಲವಾದ ಆಧಾರ ಅದೇ ಹಸ್ತಪ್ರತಿಯಲ್ಲಿ, ಅದೇ ಮಕಾಮಾದಲ್ಲಿ, ಹಡಗಿನ ಪುಟದಿಂದ ಕೆಲವೇ ಹಾಳೆಗಳ ಆಚೆ ಇದೆ. ದ್ವೀಪದ ಒಡೆಯನ ಹೆಂಡತಿ ಹೆರಿಗೆನೋವಿನಲ್ಲಿದ್ದಾಳೆ. ಅಬೂ ಜೈದ್ ರಕ್ಷಾಮಂತ್ರ ಬರೆದುಕೊಡುತ್ತಾನೆ. ಈ ಪ್ರಸಂಗಕ್ಕೆ ವಾಸಿತಿ ಮನೆಯ ಮುಂದಿನ ಗೋಡೆಯನ್ನೇ ತೆಗೆದುಹಾಕಿ ಒಳಗನ್ನು ಕೋಣೆಕೋಣೆಯಾಗಿ ತೆರೆದಿಡುತ್ತಾನೆ. ನಡುವೆ ಪ್ರಸವ, ಮೇಲೆ ಒಡೆಯ, ಪಕ್ಕದ ಕೋಣೆಯಲ್ಲಿ ಗ್ರಹಗತಿ ಅಳೆಯುವವನ ಆಸ್ಟ್ರೋಲೇಬ್. ಯಾವ ಮನೆಯೂ ಹಾಗೆ ಕಾಣಿಸುವುದಿಲ್ಲ. ಒಳಗೆ ನಡೆಯುವುದನ್ನು ಹೊರಗೆ ತೋರಿಸಲು ಆ ಕಾಲದ ಚಿತ್ರಕಾರರು ಕಂಡುಕೊಂಡ ಉಪಾಯ ಅದು. ಹಡಗಿನ ಕಿಂಡಿಗಳನ್ನೂ ಹೀಗೆಯೇ ಓದಬೇಕು ಎಂದು ಈ ಪಕ್ಷ ಹೇಳುತ್ತದೆ. ಒಡಲಿನಲ್ಲಿ ಪ್ರಯಾಣಿಕರು ಕುಳಿತಿದ್ದಾರೆ ಎಂಬುದು ಕಥೆಯ ಸತ್ಯ. ಅದನ್ನು ಕಾಣಿಸಲು ಕಿಂಡಿ ಬೇಕಾಯಿತು. ಬಡಗಿ ಅಂಥ ಕಿಂಡಿ ಕೊರೆದಿದ್ದನೆಂದು ಇದರಿಂದ ಸಿದ್ಧವಾಗುವುದಿಲ್ಲ.

ಈ ವಾದ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಎರಡು ಪುಟಗಳನ್ನು ಜೊತೆಯಲ್ಲಿಟ್ಟು ನೋಡಿದವರಿಗೆ ಅದರ ಬಲ ತಾನಾಗಿ ಗೊತ್ತಾಗುತ್ತದೆ. ದುರದೃಷ್ಟವೆಂದರೆ ನೌಕಾ ಇತಿಹಾಸದ ಪುಸ್ತಕಗಳಲ್ಲಿ ಹಡಗಿನ ಪುಟ ಒಂಟಿಯಾಗಿಯೇ ಅಚ್ಚಾಗುತ್ತದೆ, ಎಷ್ಟೋ ಸಲ ಸುತ್ತಲಿನ ಅಕ್ಷರಗಳನ್ನೂ ಕತ್ತರಿಸಿ. ಹಾಗೆ ಕತ್ತರಿಸಿದ ಮೇಲೆ ಚಿತ್ರ ನಕ್ಷೆಯಂತೆ ಕಾಣತೊಡಗುತ್ತದೆ.

ಪೋಲೊನ ಸಾಕ್ಷ್ಯಕ್ಕೂ ಇನ್ನೊಂದು ಮುಖವಿದೆ. ಹೊರ್ಮುಜಿನ ಹಡಗಿಗೆ ಒಂದೇ ಹಾಯಿಕಂಬ, ಒಂದೇ ಹಾಯಿ, ಒಂದೇ ಚುಕ್ಕಾಣಿ ಎಂದ ಅದೇ ಪೋಲೊ, ಅದಕ್ಕೆ ಅಟ್ಟವೇ ಇಲ್ಲವೆಂದೂ ಸರಕಿನ ಮೇಲೆ ತೊಗಲು ಹೊದಿಸಿ ಅದರ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಾರೆಂದೂ ಹೇಳುತ್ತಾನೆ. ವಾಸಿತಿಯ ಹಡಗಿನಲ್ಲಾದರೋ ಕೆಳಗೆ ಪ್ರಯಾಣಿಕರು, ಮೇಲೆ ಕೆಲಸದ ಜನ ಎಂಬ ಸ್ಪಷ್ಟ ಅಂತಸ್ತು ಇದೆ. ಮನುಷ್ಯರ ಗಾತ್ರವೂ ಒಡಲಿಗೆ ಹೊಂದುವುದಿಲ್ಲ; ಅಳತೆ ಹಿಡಿದು ನೋಡಿದರೆ ಅಷ್ಟು ಜನ ಅದರಲ್ಲಿ ಹಿಡಿಸುವುದು ಕಷ್ಟ. ಇದಕ್ಕೆ ನಂಬುವವರ ಉತ್ತರ ತೀರಾ ದುರ್ಬಲವಲ್ಲ. ಪೋಲೊ ನೋಡಿದ್ದು ಕುದುರೆ ಸಾಗಿಸುವ ಸರಕು ಹಡಗನ್ನು, ಅದೂ ದಶಕಗಳ ಅನಂತರ, ಅದೂ ಅಳುಕಿನ ಕಣ್ಣಿನಿಂದ. ಒಂದು ಬಂದರಿನ ಒಂದು ಜಾತಿಯ ಹಡಗನ್ನು ಮುಂದಿಟ್ಟು ಇಡೀ ಕೊಲ್ಲಿಯ ಹಡಗುಗಳಿಗೆ ಅಟ್ಟ ಇರಲಿಲ್ಲ ಎನ್ನುವುದೂ ಆತುರದ ತೀರ್ಮಾನವೇ.

ಎರಡೂ ಪಕ್ಷಗಳು ತಮ್ಮದೆಂದು ಹೇಳಿಕೊಳ್ಳುವ ಒಂದು ಸಂಗತಿ ಇದೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ, ಹೆಚ್ಚುಕಡಿಮೆ ಇದೇ ಕಾಲದ ಇನ್ನೊಂದು ಮಕಾಮಾತ್ ಹಸ್ತಪ್ರತಿಯಲ್ಲೂ ಇದೇ ಪ್ರಸಂಗಕ್ಕೆ ಹೊಲಿದ ಒಡಲಿನ ಹಡಗು ಇದೆ. ಇಬ್ಬರು ಬೇರೆ ಬೇರೆ ಚಿತ್ರಕಾರರು ಒಂದೇ ಬಗೆಯ ಹಡಗನ್ನು ಬರೆದರೆಂದರೆ ಅದು ನಿಜವಾಗಿ ಇದ್ದದ್ದಕ್ಕೆ ಪುರಾವೆ ಎಂದು ಒಬ್ಬರು. ಇಬ್ಬರೂ ಒಂದೇ ಮಾದರಿ ಚಿತ್ರದಿಂದ ಎತ್ತಿಕೊಂಡಿರಬಹುದೆಂದು ಇನ್ನೊಬ್ಬರು. ಮಾದರಿಯಿಂದ ಮಾದರಿಗೆ ಹಡಗು ಸಾಗಿಬಂದದ್ದು ಆ ಸಂಸ್ಕೃತಿಗೆ ಹೊಸದಲ್ಲ. ಅಲ್-ಸೂಫಿ 964ರ ಸುಮಾರಿಗೆ ಬರೆದ ನಕ್ಷತ್ರಗ್ರಂಥದಲ್ಲಿ ‘ಹಡಗು’ ಎಂಬ ನಕ್ಷತ್ರಪುಂಜವಿದೆ. ಆಕ್ಸ್‌ಫರ್ಡಿನಲ್ಲಿರುವ 1009ರ ಪ್ರತಿಯಲ್ಲಿ ಅದರ ಆಕೃತಿಗಳು ಉಳಿದಿವೆ. ಅದು ಗ್ರೀಕರ ಆರ್ಗೊ ನೌಕೆ. ಸುಹೈಲ್ ಅಂದರೆ ಅಗಸ್ತ್ಯ ನಕ್ಷತ್ರ ಅದರ ಚುಕ್ಕಾಣಿ ಹುಟ್ಟಿನ ಮೇಲೆ ಬೀಳುತ್ತದೆ. ಟಾಲೆಮಿ ಹೇಳಿದ ಜಾಗದಲ್ಲಿ ನಕ್ಷತ್ರ ಇರಲೇಬೇಕಾದ್ದರಿಂದ ಆ ಹಡಗಿನ ರೂಪ ಬಂದರಿನಿಂದ ಬರಲಿಲ್ಲ, ಗ್ರಂಥದಿಂದ ಬಂತು. ಓಲೆಗ್ ಗ್ರಾಬರ್ 1984ರಲ್ಲಿ ಸಚಿತ್ರ ಮಕಾಮಾತ್ ಪ್ರತಿಗಳನ್ನೆಲ್ಲ ಪಕ್ಕಪಕ್ಕಕ್ಕಿಟ್ಟು ಪರಿಶೀಲಿಸಿದ ಮೇಲೆ, ಅವುಗಳಲ್ಲಿ ಯಾವುದು ನೋಡಿದ್ದು, ಯಾವುದು ಎತ್ತಿಕೊಂಡದ್ದು ಎಂಬ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವುದು ಯಾರಿಗೂ ಸಾಧ್ಯವಾಗಿಲ್ಲ.

ಈ ವ್ಯಾಜ್ಯದಲ್ಲಿ ಅತಿ ಹೆಚ್ಚು ಪಣಕ್ಕಿರುವುದು ಚುಕ್ಕಾಣಿ. ಹಡಗಿನ ಎರಡು ಮಗ್ಗುಲಲ್ಲಿ ಹುಟ್ಟು ಇಳಿಬಿಡುವುದನ್ನು ಬಿಟ್ಟು ಹಿಂಬದಿಯ ನಡುವೆ ಒಂದೇ ಚುಕ್ಕಾಣಿ ಇಡುವ ಏರ್ಪಾಡು ನೌಕಾ ಇತಿಹಾಸದ ದೊಡ್ಡ ತಿರುವು. ಯುರೋಪಿನಲ್ಲಿ ಅದರ ಮೊದಲ ಚಿತ್ರಗಳು 1180ರ ಸುಮಾರಿನವು, ಬೆಲ್ಜಿಯಮ್ಮಿನ ಜೆಡೆಲ್ಗೆಮ್ ಮತ್ತು ಇಂಗ್ಲೆಂಡಿನ ವಿಂಚೆಸ್ಟರ್ ಚರ್ಚುಗಳ ದೀಕ್ಷಾಸ್ನಾನದ ಕಲ್ತೊಟ್ಟಿಗಳ ಮೇಲೆ ಕೆತ್ತಿದವು. ಚೀನಾದಲ್ಲಿ ಅದಕ್ಕೂ ಸಾವಿರ ವರ್ಷ ಹಿಂದಿನ ಹಾನ್ ಕಾಲದ ಸಮಾಧಿಯ ಮಣ್ಣಿನ ದೋಣಿಯಲ್ಲೇ ಅದು ಇದೆ. ಅರಬರ ಹಡಗಿನಲ್ಲಿ ಯಾವಾಗ ಬಂತು ಎಂಬುದಕ್ಕೆ 1237ರ ಈ ಪುಟ ಮುಖ್ಯ ಸಾಕ್ಷಿ. ಭೂಗೋಳಕಾರ ಅಲ್-ಮುಕದ್ದಸಿ 10ನೆಯ ಶತಮಾನದಲ್ಲೇ ಕೆಂಪು ಸಮುದ್ರದ ಬಂಡೆಗಳ ನಡುವೆ ಚುಕ್ಕಾಣಿಯವನು ಎರಡು ಹಗ್ಗ ಹಿಡಿದು ಎಡಕ್ಕೋ ಬಲಕ್ಕೋ ಎಳೆಯುವುದನ್ನು ವರ್ಣಿಸಿದ್ದಾನೆ. ಅದನ್ನು ಈ ಚಿತ್ರದ ಜೊತೆ ಸೇರಿಸಿ, ಅರಬರಿಗೆ ಹಿಂಬದಿಯ ಚುಕ್ಕಾಣಿ ಆಗಲೇ ಗೊತ್ತಿತ್ತು ಎಂದು ಕೆಲವರು ವಾದಿಸುತ್ತಾರೆ. ಕಥೆಗೆ ಚುಕ್ಕಾಣಿಯ ಜಾಗ ಎಲ್ಲಿದ್ದರೂ ಆಗುತ್ತಿತ್ತು. ಅದನ್ನು ಅಲ್ಲೇ ಇಟ್ಟದ್ದರಲ್ಲಿ ಚಿತ್ರಕಾರನಿಗೆ ಲಾಭವೇನೂ ಇಲ್ಲ. ಆದ್ದರಿಂದ ಅದು ಕಂಡದ್ದೇ ಇರಬೇಕು. ಎದುರು ಪಕ್ಷ ಇಲ್ಲಿಯೂ ಎಚ್ಚರಿಸುತ್ತದೆ. ಹಗ್ಗದಿಂದ ಎಳೆಯುವ ಚುಕ್ಕಾಣಿ ಎಂಬ ಮಾತು ಅದರ ಜಾಗವನ್ನು ಹೇಳುವುದಿಲ್ಲ. ಚಿತ್ರ ಜಾಗವನ್ನು ಹೇಳಿದರೂ ಅದನ್ನು ತಿರುಗಿಸುತ್ತಿದ್ದ ರೀತಿಯನ್ನು ಚಿತ್ರದಿಂದಲೇ ತೀರ್ಮಾನಿಸಲಾಗದು. ಇನ್ನೂರೈವತ್ತು ವರ್ಷ ಅಂತರವಿರುವ ಒಂದು ವಾಕ್ಯ ಮತ್ತು ಒಂದು ಚಿತ್ರವನ್ನು ಗಂಟುಹಾಕಿ ಯಾರು ಮೊದಲು ಎಂದು ತೀರ್ಪು ಕೊಡುವುದು ಸರಿಯಲ್ಲ.

ನಾವಿಕರ ಮೈಬಣ್ಣದ ಪ್ರಶ್ನೆ ನಮ್ಮ ಕರಾವಳಿಗೂ ತಾಗುವಂಥದ್ದು. ಕಪ್ಪಾಗಿ ಬರೆದ ಈ ಜನ ಭಾರತದವರೋ ಆಫ್ರಿಕದವರೋ ಆಗಿದ್ದು, ಆ ಸಾಗರದ ದುಡಿಮೆಯಲ್ಲಿ ಅವರ ಪಾಲನ್ನು ತೋರುತ್ತಾರೆ ಎಂಬುದು ಒಂದು ಓದು. ಅದು ಅಸಂಭವವಲ್ಲ. 12ನೆಯ ಶತಮಾನದ ಮಧ್ಯದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರವ್ಯವಹಾರ ಕೈರೋದ ಗೆನೀಜಾ ಕಾಗದಗಳಲ್ಲಿ ಉಳಿದುಬಂದಿದೆ. ಅವನ ಪರವಾಗಿ ವ್ಯಾಪಾರಕ್ಕೆ ಏಡನ್‌ಗೆ ಹೋಗಿಬಂದವನು ಇಲ್ಲಿಯ ಬೊಮ್ಮ. ಇಬ್ನ್ ಬತೂತಾ 14ನೆಯ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡಾಗ ಫಾರ್ಸ್ ಮತ್ತು ಯೆಮನ್ನಿನ ವರ್ತಕರು ಮಂಗಳೂರಿನಲ್ಲಿ ಇಳಿಯುತ್ತಿದ್ದರು. ಹಡಗು ಹೊಲಿಯುವ ನಾರು ಹೋಗುತ್ತಿದ್ದದ್ದೂ ತೆಂಗು ಬೆಳೆಯುವ ನಮ್ಮಂಥ ತೀರಗಳಿಂದಲೇ. ಆದರೆ ವಾಸಿತಿ ಇದೇ ಪ್ರತಿಯಲ್ಲಿ ಯೆಮನ್ನಿನ ಜಬೀದ್ ಪಟ್ಟಣದ ಗುಲಾಮರ ಸಂತೆಯನ್ನೂ ಬರೆದಿದ್ದಾನೆ. ಅಲ್ಲಿಯೂ ಮೈಬಣ್ಣವೇ ಮಾರುವವರಿಂದ ಮಾರಾಟವಾಗುವವರನ್ನು ಬೇರ್ಪಡಿಸುತ್ತದೆ. ಹಾಗಾದರೆ ಹಡಗಿನಲ್ಲಿಯೂ ಆ ಬಣ್ಣ ಒಬ್ಬ ನಿಜವಾದ ನಾವಿಕನ ಗುರುತಿಗಿಂತ, ದುಡಿಯುವವರನ್ನು ತೋರಿಸುವ ಚಿತ್ರಕಾರನ ಸಂಕೇತವಾಗಿರಬಹುದಲ್ಲವೇ? ಎರಡನೆಯ ಓದು ನಮಗೆ ಹಿತವಾಗದೆ ಇರಬಹುದು. ಹಿತವಲ್ಲ ಎಂಬ ಕಾರಣಕ್ಕೆ ಅದನ್ನು ಬದಿಗೆ ಸರಿಸಲಾಗದು.

ಮುಂದಿನ ಶತಮಾನಗಳ ಇಸ್ಲಾಮೀ ಚಿತ್ರಕಲೆ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ಕಡಲಿನಿಂದ ಬಹುದೂರದ ತಬ್ರೀಜ್‌ನಲ್ಲಿ ಶಾಹ್ ತಹ್ಮಾಸ್ಪನಿಗಾಗಿ 1530ರ ಆಸುಪಾಸಿನಲ್ಲಿ ಸಿದ್ಧವಾದ ಶಾಹನಾಮಾದಲ್ಲಿ ಧರ್ಮಗಳನ್ನು ಕಡಲಿನ ಮೇಲಿನ ನೌಕೆಗಳಾಗಿ ಕಂಡ ದೃಷ್ಟಾಂತದ ಚಿತ್ರವಿದೆ. ಅಕ್ಬರನ ಆಸ್ಥಾನದ ಮಿಸ್ಕೀನ್ 1590ರ ಸುಮಾರಿಗೆ ನೂಹನ ನೌಕೆಯನ್ನು ಪ್ರಾಣಿಗಳಿಂದ ತುಂಬಿ ತುಳುಕುವಂತೆ ಬರೆದ. ಅಲ್ಲಿ ಬಡಗಿಯ ವಿದ್ಯೆ ಹುಡುಕುವುದು ವ್ಯರ್ಥ ಎಂದು ಶಂಕಿಸುವವರು ಹೇಳಿದರೆ ಒಪ್ಪಬಹುದು. ಆದರೆ ಆಟೊಮನ್ ಸೇವೆಯಲ್ಲಿದ್ದ ಮತ್ರಾಕ್ಚಿ ನಸೂಹ್ 1543ರ ನೌಕಾದಂಡಯಾತ್ರೆಯನ್ನು ದಾಖಲಿಸುವಾಗ ಟೂಲೋನ್, ನೀಸ್, ಜಿನೋವಾ ಬಂದರುಗಳನ್ನು ಬರೆದದ್ದು ಬೇರೆಯೇ ಉದ್ದೇಶದಿಂದ. ಅಲ್ಲಿ ದಂಡು ಕಂಡ ಸ್ಥಳವನ್ನು ಅರಮನೆಗೆ ಒಪ್ಪಿಸಬೇಕಿತ್ತು. ಔರಂಗಜೇಬನ ಮಗಳು ಜೇಬುನ್ನಿಸಾಳ ಪೋಷಣೆಯಲ್ಲಿ 1676ರಲ್ಲಿ ಹಜ್ ಯಾತ್ರೆಗೆ ಹೊರಟ ಸಫೀ ಇಬ್ನ್ ವಲಿಯ ‘ಅನೀಸುಲ್ ಹುಜ್ಜಾಜ್’ ಕೃತಿಯ ಚಿತ್ರಗಳಲ್ಲಿ ಸೂರತ್ ಬಂದರೂ ಯಾತ್ರಿಕರ ಹಡಗುಗಳೂ ಬರುತ್ತವೆ. ಮುಂದಿನ ಯಾತ್ರಿಕನಿಗೆ ಅದು ಕೈಪಿಡಿ. ಚಿತ್ರ ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬುದರ ಮೇಲೆ ಅದರ ನಂಬಿಕೆಯ ತೂಕ ಬದಲಾಗುತ್ತದೆ. ವಾಸಿತಿಯ ಕಷ್ಟವೆಂದರೆ ಅವನು ಈ ಎರಡು ಕೊನೆಗಳ ನಡುವೆ ನಿಲ್ಲುತ್ತಾನೆ. ಅವನ ಕಥೆ ಕಟ್ಟಿದ್ದು, ಕಣ್ಣು ಮಾತ್ರ ಊರಿನ ಸುತ್ತಮುತ್ತಲ ಬದುಕಿನ ಮೇಲೆ ನೆಟ್ಟದ್ದು.

ಚಿತ್ರವನ್ನು ಪರೀಕ್ಷಿಸಲು ಇನ್ನೊಂದು ದಾರಿ ಈಚಿನ ದಶಕಗಳಲ್ಲಿ ತೆರೆದಿದೆ: ಹಡಗನ್ನು ಕಟ್ಟಿಯೇ ನೋಡುವುದು. ಬೆಲಿಟುಂಗ್ ಅವಶೇಷವನ್ನು ಆಧರಿಸಿ ಒಮಾನಿನಲ್ಲಿ ಕಟ್ಟಿದ ‘ಜ್ಯುವೆಲ್ ಆಫ್ ಮಸ್ಕತ್’ ಎಂಬ ಹೊಲಿದ ಹಡಗು 2010ರಲ್ಲಿ ಮಸ್ಕತ್‌ನಿಂದ ಸಿಂಗಪುರಕ್ಕೆ ಹಾಯಿಯ ಬಲದಿಂದ ಹೋಗಿ ಸೇರಿತು. ನಮ್ಮಲ್ಲಿಯೂ ಇಂಥ ಯತ್ನ ನಡೆದಿದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹೊಲಿದ ಹಡಗು. ಅದಕ್ಕೆ ಆಧಾರ ಐದನೆಯ ಶತಮಾನದ ಅಜಂತಾ ವರ್ಣಚಿತ್ರ. ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಅದನ್ನು ಹೊಲಿದರು. ಮದ್ರಾಸ್ ಐಐಟಿಯಲ್ಲಿ ಮಾದರಿಯ ಪರೀಕ್ಷೆ ನಡೆಯಿತು. ಚಿತ್ರದಿಂದ ಹಡಗು ಹುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂದು ಕೇಳುವವರ ಉತ್ಸಾಹದಲ್ಲಿ ನಾನೂ ಪಾಲುಗೊಳ್ಳುತ್ತೇನೆ. ಮೊಳೆಯಿಲ್ಲದ ಒಡಲು ಅಲೆಯ ಏಟಿಗೆ ಬಾಗುತ್ತದೆ, ಒಡೆಯುವುದಿಲ್ಲ ಎಂಬುದನ್ನು ಸಮುದ್ರವೇ ತೋರಿಸಿಕೊಟ್ಟಾಗ ಯಾವ ಟಿಪ್ಪಣಿಗೂ ಇಲ್ಲದ ಬಲ ಆ ಮಾತಿಗೆ ಬರುತ್ತದೆ. ಹಾಗಿದ್ದೂ ಎದುರು ಪಕ್ಷದ ಮಾತನ್ನು ಕೇಳಲೇಬೇಕು. ಚಿತ್ರದಲ್ಲಿ ಇಲ್ಲದ ಅಡ್ಡಪಟ್ಟಿ, ಒಳಗಿನ ಏಣು, ಹಲಗೆಯ ದಪ್ಪ ಇವನ್ನೆಲ್ಲ ತುಂಬಿಕೊಟ್ಟದ್ದು ಇಂದಿನ ಎಂಜಿನಿಯರ್ ಮತ್ತು ಇಂದಿನ ಹೊಲಿಗೆಯವನ ಕೈ. ಹಡಗು ತೇಲಿತೆಂದರೆ ಗೆದ್ದದ್ದು ಬಹುಮಟ್ಟಿಗೆ ಅವರ ಜ್ಞಾನ. ಹಳೆಯ ಚಿತ್ರ ಸುಳ್ಳಾಗಿದ್ದರೂ ಅದು ತೇಲುತ್ತಿತ್ತು.

ಇಷ್ಟನ್ನೆಲ್ಲ ತೂಗಿದ ಮೇಲೆ, ವಾಸಿತಿಯ ಪುಟವನ್ನು ಇಡಿಯಾಗಿ ಒಪ್ಪುವ ಅಥವಾ ಇಡಿಯಾಗಿ ಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ವಿವರ ವಿವರಕ್ಕೂ ಬೇರೆ ಬೇರೆ ತೂಕ ಕೊಡುವುದು ಸಾಧ್ಯವಿದೆ. ಕಥೆಗೋ ಚಿತ್ರದ ಏರ್ಪಾಡಿಗೋ ಬೇಕಾಗಿ ಬಂದದ್ದನ್ನು ಅನುಮಾನಿಸಿ, ಯಾವುದಕ್ಕೂ ಬೇಡದೆ ಬಂದು ಕುಳಿತದ್ದನ್ನು ಹೆಚ್ಚು ನಂಬಬಹುದು ಎಂಬುದು ನನ್ನ ಒಲವು. ಆ ಲೆಕ್ಕದಲ್ಲಿ ಹೊಲಿಗೆಯನ್ನು ನಂಬಬಹುದು, ಲಂಗರನ್ನೂ ಬಹುಶಃ ನಂಬಬಹುದು. 1237ರ ಹೊತ್ತಿಗೆ ಆ ಪ್ರದೇಶದವರು ಹಿಂಬದಿಯ ಚುಕ್ಕಾಣಿಯನ್ನು ಕಂಡಿದ್ದರು ಎನ್ನಲು ಪುಟ ಸಾಕು. ಅದನ್ನು ತಿರುಗಿಸುತ್ತಿದ್ದ ಬಗೆ ಅಥವಾ ಯಾರು ಮೊದಲು ಎಂಬುದಕ್ಕೆ ಸಾಲದು. ಕಿಂಡಿಗಳ ಸಾಲನ್ನೂ ಒಡಲಿನ ಅಳತೆಯನ್ನೂ ಹಡಗಿನ ಅಂಗವೆಂದು ಎಣಿಸದಿರುವುದು ಲೇಸು. ನಾವಿಕರ ಬಣ್ಣದ ಮಾತನ್ನು ಗೆನೀಜಾ ಕಾಗದಗಳ ಜೊತೆಯಲ್ಲಿಟ್ಟೇ ಆಡಬೇಕು, ಚಿತ್ರದಿಂದ ಮಾತ್ರ ಅಲ್ಲ. ಈ ದಾರಿಯಲ್ಲೂ ತೊಡಕಿದೆ. ಚಿತ್ರಕಾರನಿಗೆ ಏನು ಬೇಕಿತ್ತು, ಏನು ಬೇಡವಾಗಿತ್ತು ಎಂದು ಎಂಟುನೂರು ವರ್ಷಗಳ ಆಚೆಯಿಂದ ಊಹಿಸುವವರು ನಾವೇ. ಅದಕ್ಕಾಗಿಯೇ ಎರಡು ಕೆಲಸಗಳಾದರೂ ಆಗಬೇಕೆಂದು ಕೇಳುವುದು ತಪ್ಪಾಗಲಾರದು. ಹಡಗಿನ ಪುಟವನ್ನು ಅಚ್ಚು ಹಾಕುವವರು ಹೆರಿಗೆಯ ಪುಟವನ್ನೂ ಅದರ ಜೊತೆಗೆ ಅಚ್ಚು ಹಾಕಲಿ. ಚಿತ್ರ ನೋಡಿ ಹಡಗು ಕಟ್ಟುವವರು, ಯಾವ ಹಲಗೆ ಚಿತ್ರದಿಂದ ಬಂತು, ಯಾವುದು ಅವಶೇಷದಿಂದ, ಯಾವುದು ಹೊಲಿಗೆಯವನ ಅನುಭವದಿಂದ ಎಂದು ಬೇರೆ ಬೇರೆಯಾಗಿ ಬರೆದಿಡಲಿ. ಆಗ ಮುಂದೆ ಇದೇ ವಾದಕ್ಕೆ ಕೂರುವವರಿಗೆ, ಯಾವ ಕಡೆಯವರೇ ಆಗಲಿ, ಊಹೆಯ ಬದಲು ದಾಖಲೆ ಇರುತ್ತದೆ.